ಅರಬೈಲ್ ಘಟ್ಟದ ಮೊಳೆ

ಬ್ರೇಕ್ ಲೈನರ್ ಸುಟ್ಟ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಮೊನ್ನೆ ಅಪ್ಪನನ್ನು ಕೂರಿಸಿಕೊಂಡು ಅಂಕೋಲೆಗೆ ಹೊರಟವನು ಅರಬೈಲ್ ಘಟ್ಟದ ನಡುವೆ ಸಿಕ್ಕಿಬಿದ್ದೆ. ಕೆಳಗಿನ ತಿರುವಿನಲ್ಲಿ ಲಾರಿಯೊಂದು ಅಡ್ಡ ಬಿದ್ದಿತ್ತು. ಹುಬ್ಬಳ್ಳಿಯಿಂದ ಬಾಡಿಗೆಯ ಕ್ರೇನು ಬರಬೇಕಂತೆ, ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಮುಂದೆ ನಿಂತಿದ್ದ ಲಾರಿಯ ಚಕ್ರಗಳಿಂದ ಆ ವಾಸನೆ ಬರುತ್ತಿತ್ತು. ಕಿಟಕಿ ಏರಿಸಿದರೂ ಹೋಗಲಿಲ್ಲ. ಅದರ ಜೊತೆ ಚಾಚಾ ನೆನಪಾದರು...

ನಾವು ನಿಂತಿದ್ದ ಅಗಲ ತಿರುವಿನಲ್ಲೇ ಹಿಂದೆ ಅವರ ಚಾದಂಗಡಿ ಇತ್ತು. ನಾಲ್ಕು ಕಂಬ, ಮೇಲೊಂದು ತಗಡು. ಯಲ್ಲಾಪುರದವರು. ಹೆಸರನ್ನು ಯಾರೂ ಕರೆದದ್ದು ಕೇಳಿಲ್ಲ, ನಮ್ಮಪ್ಪನಿಗೂ ಅವರು ಚಾಚಾ, ನನಗೂ ಚಾಚಾ. ಅಂಗಡಿಯ ಹಿಂದೆ ತಾಡಪಾಲಿನ ಕೆಳಗೆ ಒಂದು ಕ್ರೇನು ನಿಂತಿರುತ್ತಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಟೆಂಪೋ-ಲಾರಿ ಮಾಲೀಕರ ಮೂರು ಸಂಘಗಳು ಒಂದು ಒಕ್ಕೂಟ ಮಾಡಿಕೊಂಡು ಅದನ್ನು ತಂದಿದ್ದವು. ಯಾವ ಊರಿನ ಗಾಡಿ ಘಟ್ಟದಲ್ಲಿ ಸಿಕ್ಕಿಬಿದ್ದರೂ ಅದು ಎಳೆಯಬೇಕು. ಕೀಲಿ ಯಾರ ಬಳಿ ಇರಬೇಕೆಂಬ ಜಗಳ ಮಾತ್ರ ಕ್ರೇನು ತರುವುದಕ್ಕಿಂತ ಹೆಚ್ಚು ಕಾಲ ನಡೆದಿತ್ತಂತೆ. ಕೊನೆಗೆ, ಒಂದೂ ಗಾಡಿ ಇಲ್ಲದವನೇ ಸರಿ ಎಂದು ಚಾಚಾಗೆ ಕೊಟ್ಟರು.

"ಮೂರು ತಾಲೂಕಿಗೆ ಒಬ್ನೇ ಮಂತ್ರಿ ನಾನು. ಬಂಗ್ಲೆ ನೋಡ್ರಿ ಹೆಂಗದೆ!" ಎಂದು ತಗಡು ತೋರಿಸಿ ನಗುತ್ತಿದ್ದರು.

ಕೀಲಿ ನಡುಗಂಬದ ಮೊಳೆಯ ಮೇಲೆ ಎಲ್ಲರಿಗೂ ಕಾಣುವಂತೆ ತೂಗುತ್ತಿತ್ತು. ಕ್ರೇನು ಬೇಕಾದವನು ಅದನ್ನು ತೆಗೆದುಕೊಂಡು ತನ್ನ ಗಾಡಿಯ ಕೀಲಿಯನ್ನು ಅದೇ ಮೊಳೆಗೆ ಹಾಕಬೇಕು. ಕ್ರೇನು ನೆಟ್ಟಗೆ ಮರಳಿದರೆ ಅವನ ಕೀಲಿ ಅವನಿಗೆ. ಕೆಟ್ಟು ಬಂದರೆ, ರಿಪೇರಿ ಆಗುವವರೆಗೆ ಅವನ ಗಾಡಿ ಒಕ್ಕೂಟದ ವಶ. ಒಕ್ಕೂಟದ ಹೊರಗಿನವರಿಗೆ ಕ್ರೇನು ಇಲ್ಲ. ಕಾಗದದ ಮೇಲೆ ಏನಿತ್ತೋ ತಿಳಿಯದು, ನಡೆಯುತ್ತಿದ್ದದ್ದು ಇಷ್ಟು.

ನಾನಾಗ ಧಾರವಾಡದಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ. ರಜೆಯಲ್ಲಿ ಅಪ್ಪನ ಟೆಂಪೋದಲ್ಲಿ ಹೊರಟಿದ್ದೆ. ಅದೊಂದೇ ಟೆಂಪೋ, ಮನೆ ನಡೆಯುತ್ತಿದ್ದದ್ದು ಅದರಿಂದಲೇ. ಮಧ್ಯಾಹ್ನ ಚಾಚಾನ ಅಂಗಡಿಯಲ್ಲಿ ಕೂತಿದ್ದಾಗ ಕೆಳಗಿನಿಂದ ಕ್ಲೀನರ್ ಒಬ್ಬ ಓಡಿ ಬಂದ. ಪರವೂರಿನ ಲಾರಿ, ಚರಂಡಿಗೆ ಬಿದ್ದಿದೆ, ಡ್ರೈವರ್ ಕ್ಯಾಬಿನ್ನಿನೊಳಗೆ ಸಿಕ್ಕಿಕೊಂಡಿದ್ದಾನೆ, ಕಾಲು ಹೊರಗೆ ಬರುತ್ತಿಲ್ಲ. ಅವನ ಬಳಿ ಹಾಕಲು ಕೀಲಿಯೂ ಇರಲಿಲ್ಲ, ಅದು ಕೆಳಗೆ ಆ ಲಾರಿಯಲ್ಲೇ ಇತ್ತು. ಅಂಗಡಿಯಲ್ಲಿ ನಾವಲ್ಲದೆ ಬೇರೆ ಗಿರಾಕಿ ಇರಲಿಲ್ಲ.

ಇಲ್ಲಿಂದ ಮುಂದೆ ನನಗೆ ನೆನಪಿರುವುದು ಹೀಗೆ. ಅಪ್ಪ ಲೋಟ ಹಿಡಿದು ಕೂತೇ ಇದ್ದ, ತನ್ನ ಕೀಲಿ ತೆಗೆಯಲಿಲ್ಲ. ಚಾಚಾ ಉಡಿದಾರಕ್ಕೆ ಕಟ್ಟಿದ್ದ ಸಣ್ಣ ಕೀಲಿಯೊಂದನ್ನು ಬಿಚ್ಚಿ ಮೊಳೆಗೆ ಹಾಕಿದರು, ಕ್ರೇನಿನ ಕೀಲಿ ಅಪ್ಪನ ಕೈಗಿಟ್ಟರು. ಅಪ್ಪ ಓಡಿದ. ಡ್ರೈವರನನ್ನು ಜೀವಸಹಿತ ಹೊರಗೆ ತೆಗೆದರು. ಆದರೆ ಲಾರಿಯಲ್ಲಿ ಭಾರಿ ಲೋಡಿತ್ತು. ಕ್ರೇನಿನ ತೋಳು ಬಾಗಿ, ತಂತಿಹಗ್ಗ ತುಂಡಾಯಿತು.

ಶಿರಸಿಯಲ್ಲಿ ಸಭೆ ಕೂಡಿತು. ನಾನೂ ಹಿಂದಿನ ಬೆಂಚಿನಲ್ಲಿದ್ದೆ. ಸಿದ್ದಾಪುರದ ಸಂಘದವರು ಅಪ್ಪನ ಕಡೆ ತಿರುಗಿ, "ಯಂಗ್ಳ ಗಾಡಿ ಆ ಘಟ್ಟ ಕಂಡದ್ದೇ ಇಲ್ಲೆ ಮಾರಾಯ. ಡೀಸೆಲ್ ದುಡ್ಡು ಮಾತ್ರ ಯಂಗ್ಳದ್ದು. ಈಗ ಪರವೂರೋರ್ ಲಾರಿಗೂ ಯಂಗ್ಳೇ ಕೊಡವಾ?" ಎಂದರು. ಆ ಘಟ್ಟವನ್ನೇ ಹತ್ತದ ತಾವು ಏಕೆ ದುಡ್ಡು ಕೊಡಬೇಕು ಎಂಬ ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅಧ್ಯಕ್ಷರು ಚಾಚಾನನ್ನು ಎಬ್ಬಿಸಿ, ಮೊಳೆಯ ಮೇಲಿದ್ದ ಕೀಲಿ ಯಾರದು ಎಂದು ಕೇಳಿದರು.

"ನಂದು. ಕೀಲಿ ಹಾಕ್ಬೇಕು ಅಂದ್ರಿ, ಹಾಕ್ದೆ."

"ನಿನ್ನ ಹತ್ರ ಗಾಡಿ ಎಲ್ಲದೆ? ಯಾವ್ದು ಜಪ್ತಿ ಮಾಡೂದು?"

"ಸಕ್ರೆ ಪೆಟ್ಗಿ ಕೀಲಿ ಅದು. ಪೆಟ್ಗಿ ಎಳ್ಕೊಂಡು ಹೋಗ್ರಿ. ಇರುವೆ ಮಾತ್ರ ನೀವೇ ಹೊಡ್ಕೊಬೇಕು."

ಸಭೆ ನಕ್ಕಿತು. ನಕ್ಕವರೇ ಸೇರಿ ಅವರಿಂದ ಕ್ರೇನಿನ ಕೀಲಿ ತೆಗೆದುಕೊಂಡರು. ರಿಪೇರಿಯಾದ ಮೇಲೆ ಕ್ರೇನು ಸರದಿಯ ಮೇಲೆ ಮೂರೂ ಊರಿನಲ್ಲಿ ಇರಲಿ, ನ್ಯಾಯವಾಗಿರಲಿ ಎಂದಾಯಿತು. ನ್ಯಾಯವಾಗಿಯೇ ಇತ್ತು. ಘಟ್ಟದಲ್ಲಿ ಗಾಡಿ ಬಿದ್ದಾಗ ಕ್ರೇನು ಸಿದ್ದಾಪುರದಲ್ಲಿರುತ್ತಿತ್ತು, ಶಿರಸಿಗೆ ಬಂದಾಗ ಡೀಸೆಲ್ ಇರುತ್ತಿರಲಿಲ್ಲ, ಯಲ್ಲಾಪುರದವರು ತಮ್ಮ ಸರದಿಗೆ ಬಂದದ್ದು ಕೆಟ್ಟ ಕ್ರೇನು ಎಂದು ಮುಟ್ಟಲಿಲ್ಲ. ಗುಜರಿಗೆ ಹೋಯಿತು. ಒಕ್ಕೂಟದ ಬೋರ್ಡು ಅದಕ್ಕಿಂತ ಸ್ವಲ್ಪ ಹೆಚ್ಚು ಕಾಲ ಉಳಿಯಿತು.

ಮುಂದೆ ನನ್ನ ಓದೆಲ್ಲ ಇದರ ಸುತ್ತಲೇ ಸುತ್ತಿತು. ದೇಶದೇಶಗಳು ಒಕ್ಕೂಟ ಕಟ್ಟಿಕೊಂಡು ಒಂದೇ ನದಿಯನ್ನು, ಒಂದೇ ಹೆದ್ದಾರಿಯನ್ನು, ಕಾಡಿಗೆ ಬೆಂಕಿ ಬಿದ್ದಾಗ ಹಾರುವ ವಿಮಾನವನ್ನು ಹೇಗೆ ಹಂಚಿಕೊಳ್ಳುತ್ತವೆ, ಯಾರು ಕೊಡುತ್ತಾರೆ, ಯಾರು ಕೊಡದೆ ಬಳಸುತ್ತಾರೆ... ದಪ್ಪ ದಪ್ಪ ವರದಿಗಳು. ಓದುವಾಗೆಲ್ಲ ಇವರ ಮೊಳೆ ಎಲ್ಲಿದೆ, ಅದಕ್ಕೆ ಯಾರ ಕೀಲಿ ತೂಗಿದೆ ಎಂದು ಹುಡುಕುತ್ತೇನೆ. ಸಿಗುವುದು ಸರದಿಯ ಪಟ್ಟಿ. ಈಗೀಗ ಹುಡುಕುವ ಉತ್ಸಾಹವೂ ಕಡಿಮೆಯಾಗಿದೆ. ಮೇಷ್ಟ್ರಾದ ಮೇಲೆ ತರಗತಿಯಲ್ಲಿ ಚಾಚಾನ ಕಥೆ ಹೇಳುತ್ತಿದ್ದೆ, ಮಕ್ಕಳಿಗೆ ಇಷ್ಟವಾಗುತ್ತಿತ್ತು. ಪ್ರತಿಸಲ ಅವರು ಉಡಿದಾರದಿಂದ ಕೀಲಿ ಬಿಚ್ಚುವ ಜಾಗಕ್ಕೆ ಬಂದಾಗ ನನಗೇ ಸಣ್ಣ ಅನುಮಾನ. ಇಷ್ಟು ಚೆಂದದ ನೆನಪುಗಳನ್ನು ನಂಬಬಾರದು.

ಮೊನ್ನೆ ಆ ಸಾಲಿನಲ್ಲಿ ನಿಂತಾಗ ಇದನ್ನೇ ಅಪ್ಪನಿಗೆ ಹೇಳಿದೆ. ಅವನು ಅಡ್ಡಡ್ಡ ತಲೆಯಾಡಿಸಿದ.

"ಹಂಗಲ್ಲ ತಮಾ. ಕ್ರೇನು ತಗಂಡು ಹೋಪಕ್ಕಾದ್ರೆ ಆನು ಎನ್ನ ಟೆಂಪೋ ಕೀಲಿ ಹಾಕಿದ್ದಿ."

"ಮತ್ತೆ ಮೊಳೆ ಮೇಲೆ ಇದ್ದದ್ದು?"

"ಕ್ರೇನಿನ ತೋಳು ಬಗ್ಗಿದಾಗ ಆನು ಇನ್ನೂ ಕೆಳಗೇ ಇದ್ದಿ. ಚಾಚಾ ಓಡಿ ಬಂದು ಎನ್ನ ಕೀಲಿ ಕೈಯಲ್ಲಿ ಇಟ್ಟ. ಟೆಂಪೋ ತಗಂಡು ಹೋಗ್ರಿ ಹೆಗಡೇರೆ, ನಾನು ನೋಡ್ಕತ್ತೆ ಅಂದ. ಆನು ಕೀಲಿ ಹಿಡ್ಕಂಡಿ."

ಅಷ್ಟೇ. ಸಭೆಯಲ್ಲಿ ತಾನು ಬಾಯಿ ಬಿಡಲಿಲ್ಲ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಗಾದರೆ ನಾನು ಕಂಡದ್ದು? ಸಣ್ಣ ಕೀಲಿ ಬಿಚ್ಚಿದ ಆ ಕೈಯನ್ನು ನಾನು ಕಂಡದ್ದು ನಿಜ ಎನಿಸುತ್ತದೆ. ಬಹುಶಃ ಕ್ರೇನು ಹೋಗುವಾಗ ಅಲ್ಲ, ಅದರ ತೋಳು ಬಾಗಿದ ಮೇಲೆ. ಅಥವಾ ಕಂಡೇ ಇಲ್ಲ, ಸಭೆಯಲ್ಲಿ ಅವರು ಹೇಳಿದ ಮಾತೇ ನನ್ನಲ್ಲಿ ಚಿತ್ರವಾಗಿ ಕೂತಿತೋ... ಅಪ್ಪನ ನೆನಪೂ ಈಗ ಅಷ್ಟು ಗಟ್ಟಿಯಲ್ಲ. ಕೇಳಿ ಖಚಿತ ಮಾಡಿಕೊಳ್ಳೋಣ ಎಂದರೆ ಚಾಚಾ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಆ ಸುದ್ದಿಯೂ ನಮಗೆ ತಡವಾಗಿ, ಯಾರದೋ ಬಾಯಲ್ಲಿ ಬಂದದ್ದು. ರಸ್ತೆ ಅಗಲವಾದಾಗ ಅಂಗಡಿ ಹೋಗಿತ್ತು. ಕಂಬ ನಿಂತಿದ್ದ ಜಾಗ ಯಾವುದೆಂದು ನಾವಿಬ್ಬರೂ ಬೇರೆ ಬೇರೆ ಕಡೆ ತೋರಿಸಿದೆವು.

ಕ್ರೇನು ಇನ್ನೂ ಬಂದಿರಲಿಲ್ಲ. ಇಂಜಿನ್ ಆರಿಸಿ ಕೂತಿದ್ದೆ. ಅಪ್ಪ ಕೈ ಚಾಚಿ ಕಾರಿನ ಕೀಲಿಯನ್ನು ಕಳಚಿ ತೆಗೆದ. ಅಂಗೈಯಲ್ಲಿಟ್ಟು ತೂಗಿ ನೋಡಿದ. ಆಮೇಲೆ ಕಿಟಕಿಯಾಚೆ, ತಿರುವಿನ ಸಿಮೆಂಟು ಗೋಡೆಯ ಉದ್ದಕ್ಕೂ, ಮೊಳೆಯೊಂದನ್ನು ಹುಡುಕುವಂತೆ, ಅವನ ಕಣ್ಣು ಮೆಲ್ಲನೆ ಸರಿಯಿತು.

ಹಿಂದಿನವನು ಹಾರ್ನ್ ಹೊಡೆದ. ಸಾಲು ಒಂದಿಷ್ಟು ಸರಿದಿತ್ತು.

"ಅಪ್ಪಾ, ಕೀಲಿ ಕೊಡು" ಎಂದೆ.

ಕೊಟ್ಟ. ಆದರೆ ತಕ್ಷಣ ಕೊಡಲಿಲ್ಲ.