ಕಪ್ಪು ಪರದೆಗೆ ಸುಣ್ಣ ಬಳಿದ ಬೆಳಗು

"ಏನವಾ, ನನ್ನ ಕಂಪ್ಯೂಟರಿಗೆ ಯಾರು ಸುಣ್ಣ ಬಳದ್ರು?"

ನಮ್ಮ ಅತ್ತೆ ಹೀಗೆ ಕೂಗಿದಾಗ ನಾನು ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಓಡಿಬಂದು ನೋಡಿದೆ. ಹೌದು, ಪರದೆ ಬೆಳ್ಳಗಾಗಿತ್ತು. ಬೇರೆಯವರ ಮನೆಯಲ್ಲಿ ಅದು ಸುದ್ದಿಯೇ ಅಲ್ಲ. ನಮ್ಮ ಮನೆಯಲ್ಲಿ ಅನಾಹುತ.

ಅತ್ತೆ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಗುಡೇಕೋಟೆ, ಹೊಸಹಳ್ಳಿ, ಕೊನೆಗೆ ಕೊಟ್ಟೂರು, ಎಲ್ಲ ಕಡೆಯೂ ಮಕ್ಕಳಿಗೆ ಕಾಗುಣಿತ ತಿದ್ದಿಸಿ ಬಂದಿದ್ದರು. ನಿವೃತ್ತಿಯ ನಂತರ ಕಣ್ಣಿನ ಒಳಪದರ ಸವೆದು, ಬಿಳಿ ಹಾಳೆಯ ಮೇಲಿನ ಅಕ್ಷರಗಳು ಅವರಿಗೆ ಹಾಲಲ್ಲಿ ಬಿದ್ದ ಸಕ್ಕರೆಯಂತೆ ಕರಗತೊಡಗಿದವು. ಪೇಪರ್ ಓದಲಾಗದ ಅತ್ತೆ ಇಡೀ ಬೆಳಗು ನನ್ನ ಅಡುಗೆಯನ್ನು ಓದತೊಡಗಿದರು. ಉಪ್ಪಿಗೊಂದು ಟೀಕೆ, ಒಗ್ಗರಣೆಗೊಂದು ಟೀಕೆ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಬ್ರೌಸರ್‌ಗೆ ಸೇರಿಸಿಕೊಳ್ಳುವ ಒಂದು ಪುಟ್ಟ ಎಕ್ಸ್‌ಟೆನ್ಷನ್. ಒತ್ತಿದರೆ ಸಾಕು, ಯಾವ ಪುಟವಾದರೂ ಕಪ್ಪಾಗಿ, ಅದರ ಮೇಲೆ ಹೆಬ್ಬೆರಳು ಗಾತ್ರದ ಹಳದಿ ಅಕ್ಷರಗಳು ಮೂಡುತ್ತಿದ್ದವು. ಇನ್ನೊಂದು ಗುಂಡಿ ಒತ್ತಿದರೆ ಸುದ್ದಿಯನ್ನು ಕನ್ನಡದಲ್ಲಿ ಓದಿಯೂ ಹೇಳುತ್ತಿತ್ತು. ವರ್ಷಗಟ್ಟಲೆ ರೊಟ್ಟಿ ಬಡಿದರೂ ಸಿಗದಿದ್ದ ಮರ್ಯಾದೆ ನನಗೆ ಆ ಒಂದು ಗುಂಡಿಯಿಂದ ಸಿಕ್ಕಿತು. "ನಮ್ಮ ಸೊಸಿ ಕಂಪ್ಯೂಟರ್ ಕಲ್ತಾಕಿ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ಚಹಾ ಕೊಡುತ್ತಿದ್ದೆ, ಕಿವಿ ಮಾತ್ರ ಅಲ್ಲೇ ಇರುತ್ತಿತ್ತು. ಅದನ್ನು ಮಾಡಿದವರು ಯಾರೋ ಪುಣ್ಯಾತ್ಮರು, ನಾನು ಒತ್ತಿದವಳು ಅಷ್ಟೇ ಎಂಬ ಮಾತನ್ನು ಎಂದೂ ಬಾಯಿಬಿಟ್ಟು ಹೇಳಲಿಲ್ಲ.

ಆ ಬೆಳಗ್ಗೆ ಬ್ರೌಸರ್ ತನ್ನಷ್ಟಕ್ಕೆ ತಾನು ಹೊಸ ಆವೃತ್ತಿಗೆ ಬದಲಾಗಿತ್ತು. ಆ ಹಳೆಯ ಎಕ್ಸ್‌ಟೆನ್ಷನ್ ಇನ್ನು ನಡೆಯುವುದಿಲ್ಲ ಎಂದು ಮೂಲೆಯಲ್ಲಿ ಒಂದು ಚೌಕ ಕಾಣಿಸಿಕೊಂಡಿತ್ತು. ಮೊದಲ ಸಾಲು ಓದಿದ್ದೇ ಸಿಟ್ಟು ಬಂದು ಮುಚ್ಚಿಬಿಟ್ಟೆ.

"ಐದ ನಿಮಿಷ ತಡೀರಿ ಅತ್ತಿ, ಸರಿ ಮಾಡ್ತೀನಿ" ಎಂದೆ.

ಆ ವಾರವೆಲ್ಲ ನಾನು ಮಾಡಿದ್ದನ್ನು ನೆನೆದರೆ ನನಗೇ ನಗು ಬರುತ್ತದೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ, ಹಚ್ಚಿ ಆರಿಸಿದೆ. ಚಿತ್ರ ನೋಡಿ ಮೋಸಹೋಗಿ ಅದೇ ತರಹದ ಬೇರೊಂದು ಎಕ್ಸ್‌ಟೆನ್ಷನ್ ಹಾಕಿದೆ. ಅದು ಕನ್ನಡವನ್ನು ಯಾವುದೋ ದೇಶದ ದೊರೆಯ ಹಾಗೆ ಓದಿ, ಕೊಟ್ಟೂರನ್ನು 'ಕೋತೂರ್' ಮಾಡಿತು.

"ಬಂದ್ ಮಾಡು ಅದನ್ನ" ಎಂದರು ಅತ್ತೆ. "ಒತ್ತಕ್ಷರ ಬರದವ್ರನ್ನ ನಾನು ಎರಡನೇತ್ತಿಗೂ ಪಾಸ್ ಮಾಡಿಲ್ಲ."

ಕೊನೆಗೆ ಬಸ್‌ಸ್ಟ್ಯಾಂಡ್ ಹತ್ತಿರದ ರಿಪೇರಿ ಅಂಗಡಿಯ ಭಾಯಿಯನ್ನು ಕರೆಸಿದೆ. ಹೊಸ ಬ್ರೌಸರ್ ತೆಗೆದು ಹಳೆಯದನ್ನೇ ಹಾಕಿ, ಮುಂದೆ ಎಂದೂ ಬದಲಾಗದಂತೆ ಮಾಡಿಕೊಡಿ ಎಂದೆ.

"ಮೇಡಂ, ಹಾಕಿಕೊಡ್ತೀನಿ. ಆದ್ರ ಬಾಳ ದಿನ ಬರಂಗಿಲ್ಲ ನೋಡ್ರಿ" ಎಂದರು ಅವರು.

"ನೀವು ಹಾಕ್ರಿ, ಉಳಿದದ್ದು ನಾನು ನೋಡ್ಕಂತೀನಿ" ಎಂದೆ, ಏನೋ ಗೊತ್ತಿದ್ದವಳ ಹಾಗೆ.

ಪರದೆ ಮತ್ತೆ ಕಪ್ಪಾಯಿತು. ನನ್ನ ಮರ್ಯಾದೆ ಮರಳಿತು. ಆ ಸಂಭ್ರಮದಲ್ಲಿ ಹಡಗಲಿಯ ನಾದಿನಿಗೆ ಫೋನ್ ಮಾಡಿ, ಕಂಪನಿಗಳ ಆಟಕ್ಕೆ ನಾವು ಬಗ್ಗಬಾರದು ಎಂದು ಉದ್ದಕ್ಕೆ ಬುದ್ಧಿ ಹೇಳಿದೆ. ಅಷ್ಟರಲ್ಲೇ ಅತ್ತೆ ದಿನಾ ಓದುವ ಸುದ್ದಿಯ ತಾಣ ತೆರೆಯುವುದನ್ನೇ ನಿಲ್ಲಿಸಿತು. 'ನಿಮ್ಮ ಬ್ರೌಸರ್ ಹಳೆಯದಾಗಿದೆ' ಎಂಬ ಒಂದೇ ಸಾಲು, ಅದೂ ಹಳದಿ ಅಕ್ಷರದಲ್ಲಿ. ಎಕ್ಸ್‌ಟೆನ್ಷನ್ ಅದನ್ನು ಬಲು ಸ್ಪಷ್ಟವಾಗಿ ಓದಿ ಹೇಳಿತು. ನನ್ನ ಗಂಡ ಪೇಪರ್ ಅಡ್ಡ ಹಿಡಿದುಕೊಂಡು ನಕ್ಕದ್ದು ನನಗೆ ಕಾಣದೇ ಇರಲಿಲ್ಲ.

ಭಾಯಿ ಮತ್ತೆ ಬಂದು ಹೊಸದನ್ನೇ ಹಾಕಿ ಹೋದರು. ಮಾರನೆಯ ದಿನದಿಂದ ಆಫೀಸಿಗೆ ಹೊರಡುವ ಮೊದಲು ನಾನೇ ಅತ್ತೆಗೆ ಸುದ್ದಿ ಓದಿ ಹೇಳಬೇಕಾಯಿತು.

ಓದುವುದೇನು ಮಹಾ ಎಂದುಕೊಂಡಿದ್ದೆ. ಒಲೆಯ ಮೇಲೆ ಅನ್ನ ಇಟ್ಟು ಬಂದವಳು ನಡುನಡುವೆ ಸಾಲು ಹಾರಿಸುತ್ತಿದ್ದೆ.

"ಮಂತ್ರಿ ಹರಪನಹಳ್ಳಿಗೆ ಬಂದ, ಹೋದ ಅಂತ ಓದಿದಿ. ನಡುವ ಏನು ಮಾಡಿದ?" ಎಂದು ಕೇಳಿದರು ಅತ್ತೆ.

"ಕೆರಿ ನೋಡಿದ್ರಂತ್ರಿ."

"ಮತ್ತ ಅದನ್ನ ಓದು. ಮಿಷನ್ನು ಹಿಂಗ ಹಾರಸ್ತಿದ್ದಿಲ್ಲವಾ."

ಒಂದು ದಿನ ಗುಡೇಕೋಟೆ ಕಡೆ ಹೊಲಕ್ಕೆ ಕರಡಿ ಬಂದ ಸುದ್ದಿಯಿತ್ತು. ಓದುತ್ತಿದ್ದಂತೆ ಅತ್ತೆಯ ಮುಖ ಅರಳಿತು.

"ನಾನಿದ್ದಾಗ ಶಾಲಿ ಹಿಂದಿನ ಸೀತಾಫಲದ ಗಿಡದ ಬುಡಕ್ಕ ಒಂದು ಬಂದು ಕುಂತಿತ್ತು. ಹುಡುಗರನ್ನ ಒಳಗ ಕುಂದ್ರಿಸಿ, ಬಾಗ್ಲಾ ಹಾಕಿ, ಗಟ್ಟ್ಯಾಗಿ ಮಗ್ಗಿ ಹೇಳಿಸಿದೆ. ಹದಿಮೂರರ ಮಗ್ಗಿ ಸುರು ಮಾಡಿದ್ವಿ ನೋಡು, ಎದ್ದು ಹೋತು. ಅದಕ್ಕೂ ಬರ್ತಿದ್ದಿಲ್ಲ ಕಾಣ್ತೈತಿ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನಾನು ಈ ಕಥೆ ಕೇಳಿರಲಿಲ್ಲ. ಇಬ್ಬರೂ ನಕ್ಕೆವು. ಒಲೆಯ ಮೇಲೆ ಅನ್ನ ಸೀದು ಹೋಯಿತು. ಅದಕ್ಕೆ ಮಾತ್ರ ಅತ್ತೆ ಅಂದು ಟೀಕೆ ಮಾಡಲಿಲ್ಲ.

ಇದಾದ ಮೇಲೆ ಒಂದು ಬೆಳಗ್ಗೆ ಬ್ರೌಸರ್ ತೆರೆದ ಕೂಡಲೇ ಎಂದಿನಂತೆ ಆ ಮೂಲೆಯ ಚೌಕ ಬಂತು. ಎಂದಿನಂತೆ ಮುಚ್ಚಿದೆ. ಅತ್ತೆಯ ಕಣ್ಣು ಮಂದವಾದರೂ ಕಿವಿ ಚುರುಕು.

"ದಿನಾ ಮೊದಲು ಏನೋ ಒಂದನ್ನ ಟಕ್ ಅಂತ ಮುಚ್ಚತಿಯಲ್ಲ, ಏನದು?"

"ಏನಿಲ್ರಿ ಅತ್ತಿ, ಅದೇ ಹಳೇ ಸುದ್ದಿ. ದಿನಾ ಬರ್ತೈತಿ."

"ದಿನಾ ಬರ್ತೈತಿ ಅಂದ್ರ ಏನೋ ಹೇಳಾಕ ಬರ್ತೈತಿ. ಓದು ಅದನ್ನ. ಪೂರಾ ಓದು."

ಬ್ರೌಸರನ್ನು ಮುಚ್ಚಿ ಮತ್ತೆ ತೆರೆದು, ಶಾಲೆಯ ಹುಡುಗಿಯಂತೆ ನೆಟ್ಟಗೆ ಕೂತು ಓದಿದೆ. ಈ ಎಕ್ಸ್‌ಟೆನ್ಷನ್‌ಗೆ ಇನ್ನು ಬೆಂಬಲವಿಲ್ಲ ಎಂಬುದು ಮೊದಲ ಸಾಲು. ಅದರ ಕೆಳಗೆ, ಇದರ ಬದಲಿಗೆ ಬಳಸಬಹುದಾದವುಗಳನ್ನು ನೋಡಿ ಎಂದು ಬರೆದು ಒಂದು ಗುಂಡಿಯನ್ನೂ ಇಟ್ಟಿದ್ದರು. ನನ್ನ ದನಿ ಇಳಿಯಿತು. ಮೊದಲ ದಿನದಿಂದಲೂ ಅದು ಅಲ್ಲೇ ಇತ್ತು.

"ಯಾಕ ಸುಮ್ನಾದಿ?"

"ಒಂದು ಸಾಲು ಹಾರಿಸಿದ್ದೆ ಅತ್ತಿ" ಎಂದೆ.

ಗುಂಡಿ ಒತ್ತಿ, ಸಿಕ್ಕವುಗಳಲ್ಲಿ ಒಂದನ್ನು ಹಾಕಿದೆ. ಪರದೆ ಕಪ್ಪಾಯಿತು, ಹಳದಿ ಅಕ್ಷರ ಮೂಡಿತು, ಒಂದು ಹೆಣ್ಣುದನಿ ಓದತೊಡಗಿತು. ಅತ್ತೆ ಕಣ್ಣು ಮುಚ್ಚಿ, ಪರೀಕ್ಷೆ ಮಾಡಲು ಬಂದ ಶಾಲಾ ಇನ್‌ಸ್ಪೆಕ್ಟರರಂತೆ ಕೇಳಿದರು. ಕೊಟ್ಟೂರಿನ ಒತ್ತಕ್ಷರ ಸರಿಯಾಗಿ ಬಂತು. ಹಗರಿಬೊಮ್ಮನಹಳ್ಳಿಯನ್ನೂ ಅದು ಒಂದೇ ಉಸಿರಿಗೆ ಹೇಳಿತು.

"ಪಾಸ್" ಎಂದರು ಅತ್ತೆ.

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆದರೆ ಮರುದಿನ ಕೈ ತೊಳೆದು, ಕನ್ನಡಕ ಹಾಕಿಕೊಂಡು ಹೋದರೆ ಅತ್ತೆ ಆಗಲೇ ಸುದ್ದಿ ಕೇಳುತ್ತ ಕೂತಿದ್ದರು. "ನೀ ಹೋಗವಾ, ಆಫೀಸಿಗೆ ಹೊತ್ತಾತು. ಈಕಿ ಚೊಲೊ ಓದ್ತಾಳ" ಎಂದರು. ಬೇಡವಾದ ಕೆಲಸ ತಪ್ಪಿತೆಂದು ಹಿಗ್ಗಬೇಕಾದ ನಾನು ಅಡುಗೆಕೋಣೆಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟೆ. ಒಂದು ಯಂತ್ರದ ಮೇಲೆ ಹೊಟ್ಟೆಕಿಚ್ಚು ಪಡುವ ಸೊಸೆ ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು.

ಈಗ ಭಾನುವಾರದ ಸುದ್ದಿ ಮಾತ್ರ ನನ್ನದು. ನಾನೇ ಕೇಳಿ ಪಡೆದದ್ದು. ಓದುವುದು ಒಂದು ನೆಪ, ನಡುವೆ ಊರಿನ ಹೆಸರು ಬಂದರೆ ಅತ್ತೆ ಏನಾದರೂ ಹೇಳುತ್ತಾರೆ. ಮೊನ್ನೆ ಹಾಗೆ ಓದುತ್ತಿದ್ದಾಗ, ಬ್ರೌಸರ್‌ನ ಹೊಸ ಆವೃತ್ತಿ ಸಿದ್ಧವಾಗಿದೆ, ಮರುಪ್ರಾರಂಭಿಸಲೇ ಎಂದು ಒಂದು ಚೌಕ ಬಂತು. ಈ ಸಲ ಮುಚ್ಚದೆ, ಒಂದು ಸಾಲೂ ಬಿಡದೆ ಓದಿ ಹೇಳಿ, "ಏನು ಮಾಡ್ಲಿ ಅತ್ತಿ?" ಎಂದು ಕೇಳಿದೆ.

"ತಡಿಯಾಕ ಹೇಳು ಅದಕ್ಕ" ಎಂದರು ಅತ್ತೆ. "ಮೊದಲು ಈ ಪ್ಯಾರಾ ಮುಗೀಲಿ."