ಬಿಳಿ ರಸ್ತೆಯ ಅಂಕಲ್

ಅವರ ಬಲಗಾಲಿನ ಪ್ಯಾಂಟಿನ ಅಂಚಿಗೆ ಬಟ್ಟೆ ಒಣಹಾಕುವ ಒಂದು ಹಳದಿ ಕ್ಲಿಪ್ಪು ಯಾವಾಗಲೂ ಕಚ್ಚಿಕೊಂಡಿರುತ್ತಿತ್ತು. ಸೈಕಲ್ ಚೈನಿನ ಎಣ್ಣೆ ತಾಗದಿರಲಿ ಎಂದು ಹಾಕಿಕೊಂಡದ್ದು. ಇಳಿದ ಮೇಲೆ ತೆಗೆಯುವುದು ಮಾತ್ರ ಅವರಿಗೆ ನೆನಪಿರುತ್ತಿರಲಿಲ್ಲ. ಪಕ್ಕದ ಊರು ನೋವೈನ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುವಾಗಲೂ ಕ್ಲಿಪ್ಪು, ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ರೇಷ್ಮೆ ಜುಬ್ಬಾ ತೊಟ್ಟು ಬಂದಾಗಲೂ ಕ್ಲಿಪ್ಪು. ನಮ್ಮ ಬಡಾವಣೆಯ ನಿಯಮದಂತೆ ಹೊರಗೆ ಬಟ್ಟೆ ಒಣಹಾಕುವಂತಿಲ್ಲವಾದ್ದರಿಂದ ಅವರ ಹೆಂಡತಿ, ನಮ್ಮ ಆಂಟಿ, ಬೇಸ್‌ಮೆಂಟಿನಲ್ಲಿ ದಾರ ಕಟ್ಟಿಕೊಂಡಿದ್ದರು. ಇವರನ್ನು ಕಟ್ಟಿಕೊಂಡ ಮೇಲೆ ಆ ದಾರದಲ್ಲಿ ಒಂದು ಕ್ಲಿಪ್ಪೂ ನೆಟ್ಟಗೆ ಉಳಿದಿಲ್ಲ ಎಂದು ಪೂಜೆಗೆ ಬಂದವರೆಲ್ಲರ ಎದುರು ಬಗ್ಗಿ, ಅದನ್ನು ಕಿತ್ತು ಕೈಚೀಲಕ್ಕೆ ಹಾಕಿಕೊಂಡರು.

ಮಿಷಿಗನ್ನಿನ ನಾರ್ತ್‌ವಿಲ್‌ನಲ್ಲಿ ಅವರದು ನಮ್ಮ ಎದುರು ಮನೆ. ಮೈಸೂರಿನವರು. ಡೆಟ್ರಾಯಿಟ್‌ನ ಕಾರ್ ಕಂಪನಿಯೊಂದರಲ್ಲಿ ಬ್ರೇಕಿನ ವಿಭಾಗದಲ್ಲಿದ್ದು ರಿಟೈರ್ ಆಗಿದ್ದರು. ಬ್ರೇಕ್ ಹಾಕಿದಾಗ ಕಿರ್ ಎಂಬ ಸದ್ದು ಬಾರದಂತೆ ಮಾಡುವುದೇ ಜನ್ಮವಿಡೀ ಅವರ ಕೆಲಸ. ಕಾರಿನ ಅನ್ನ ತಿಂದ ಈ ಮನುಷ್ಯನಿಗೆ ಕಾರು ಓಡಾಡದ ರಸ್ತೆಗಳ ಹುಚ್ಚು. ರಾತ್ರಿ ಊಟವಾದ ಮೇಲೆ ಬೇರೆಯವರು ಟೀವಿ ನೋಡಿದರೆ ಇವರು ಕನ್ನಡಕ ಹಣೆಗೇರಿಸಿ ಭೂಪಟ ನೋಡುವರು.

ನನ್ನ ಕಥೆ ಏನೆಂದರೆ, ನಾನು ಬಿದ್ದಿದ್ದೆ. ಒಂದು ಸಂಜೆ ಸೆವೆನ್ ಮೈಲ್ ರಸ್ತೆಯಲ್ಲಿ ಸೈಕಲ್ ಹೊಡೆಯುತ್ತಿದ್ದಾಗ ಹಿಂದಿನಿಂದ ಬಂದ ಪಿಕಪ್ ಟ್ರಕ್ಕಿನ ಕನ್ನಡಿ ಮೊಣಕೈಗೆ ತಾಗಿ ಚರಂಡಿಗೆ ಉರುಳಿದೆ. ಕಾಲರ್ ಬೋನ್ ಮುರಿಯಿತು, ಕೂಡಿಕೊಂಡಿತು. ಹೆದರಿಕೆ ಮಾತ್ರ ವಾಸಿಯಾಗಲಿಲ್ಲ. ಹಿಂದೆ ಟೈರಿನ ಸದ್ದು ಕೇಳಿದರೆ ಸಾಕು, ಫುಟ್‌ಪಾತಿನ ಮೇಲೆ ನಡೆಯುತ್ತಿದ್ದರೂ ಜೀವ ಬಾಯಿಗೆ ಬರುತ್ತಿತ್ತು. ಚಿಕ್ಕಂದಿನಿಂದ ಸೈಕಲ್ ಬಿಟ್ಟರೆ ಬೇರೆ ಖುಷಿ ಗೊತ್ತಿಲ್ಲದವನು ನಾನು. ಅದನ್ನು ಗರಾಜಿನ ಗೋಡೆಗೆ ನೇತುಹಾಕಿ, ಕಾರು ನಿಲ್ಲಿಸುವಾಗ ಆ ಕಡೆ ನೋಡದಂತೆ ಇಳಿದು ಹೋಗುತ್ತಿದ್ದೆ.

ಒಂದು ಶನಿವಾರ ಬೆಳಿಗ್ಗೆ ಗರಾಜಿನ ಬಾಗಿಲು ತೆರೆದಿದ್ದನ್ನು ನೋಡಿ ಅಂಕಲ್ ಒಳಗೇ ಬಂದರು. ಯಾವ ರಸ್ತೆಯಲ್ಲಿ ಬಿದ್ದೆ ಎಂದು ಕೇಳಿದರು. ಹೇಳಿದೆ.

"ಅದು ರೋಡ್ ಅಲ್ಲ ಕಣಯ್ಯ, ಕಾರುಗಳ ಮನೆ. ಅವರ ಮನೆಗೆ ಹೋಗಿ ತಳ್ಳಿಬಿಟ್ರು ಅಂದ್ರೆ? ಇಬ್ಬರು ಪಕ್ಕಪಕ್ಕ ಮಾತಾಡ್ಕೊಂಡು ಹೋಗೋಕಾಗ್ಬೇಕು. ಅದು ರೋಡು."

ಅಂಥ ರಸ್ತೆಗಳು ಅವರ ಜೇಬಿನಲ್ಲೇ ಇದ್ದವು. ನಮ್ಮಲ್ಲಿಂದ ಆನ್ ಆರ್ಬರ್ ಕಡೆಗೆ ಜೋಳದ ಹೊಲಗಳ ನಡುವೆ ಹೋಗುವ ಜಲ್ಲಿ ರಸ್ತೆಗಳು, ಭೂಪಟದಲ್ಲಿ ಸಣ್ಣ ಬಿಳಿ ಗೆರೆಗಳಾಗಿ ಕಾಣುವಂಥವು. ಕಾರು ಲಾರಿ ಓಡಾಡುವ ಕೆಂಪು ಗೆರೆ, ಹಳದಿ ಗೆರೆ ನಮಗೆ ವರ್ಜ್ಯ ಎಂದರು. ಆದರೂ ನನಗೆ ಧೈರ್ಯ ಬರಲಿಲ್ಲ. ಆಗ ಅವರೊಂದು ಕಟ್ಟಳೆ ಮಾಡಿದರು. ನಾನು ಮುಂದೆ, ಅವರು ಹಿಂದೆ. ಏನು ಬಂದರೂ ಮೊದಲು ಅವರನ್ನು ದಾಟಿ ಬರಬೇಕು. ಹೊರಡುವ ಮುಂಚೆ ಪ್ರತಿ ಸಲ, ಮಂತ್ರ ಹೇಳಿದ ಹಾಗೆ, "ಹಿಂದೆ ನಾನಿದೀನಿ, ತುಳಿ" ಎನ್ನುವರು. ಕಾರು ಬಂದರೆ "ಗಾಡೀ..." ಎಂದು ರಾಗ ಎಳೆದು, ರಸ್ತೆಯ ನಡುವಿಗೆ ಸರಿದು, ಡ್ರೈವರನಿಗೆ ಸಾವಕಾಶವಾಗಿ ಕೈಯೆತ್ತಿ ನಮಸ್ಕಾರ ಮಾಡುವರು. ನಮಸ್ಕಾರ ಮಾಡಿಸಿಕೊಂಡವನು ನಿಧಾನ ಮಾಡಲೇಬೇಕಲ್ಲ! ಬೇಲಿಯಾಚೆಗಿನ ಕುದುರೆಗಳನ್ನು ಕನ್ನಡದಲ್ಲಿ ಮಾತಾಡಿಸುವರು. ಮರದ ಕೆಳಗೆ ಕೂತು ಖಾರದ ಅವಲಕ್ಕಿ ಹಂಚುವಾಗ ನನ್ನ ಪಾಲು ಕಮ್ಮಿಯಾಗಿ, ಕಡಲೆಕಾಯಿ ಬೀಜವೆಲ್ಲ ಅವರ ಕಡೆಗೇ ಹೋಗುತ್ತಿತ್ತು. ಸುಖವಾಗಿದ್ದೆ. ಆದರೆ ಅವರಿಲ್ಲದೆ ಡ್ರೈವ್‌ವೇ ದಾಟುತ್ತಿರಲಿಲ್ಲ. ಅವರಿಗೆ ನೆಗಡಿಯಾದರೆ ನನಗೂ ರಜೆ.

ಅವರ ಬೇಸ್‌ಮೆಂಟಿನಲ್ಲಿ ಬಟ್ಟೆಯ ದಾರದ ಹಿಂದಿನ ಗೋಡೆಗೆ ಫ್ರಾನ್ಸಿನ ಹಳ್ಳಿಗಾಡಿನದೊಂದು ಕಾಗದದ ಭೂಪಟ ಅಂಟಿಸಿತ್ತು. ಅದರ ತುಂಬ ಕೂದಲೆಳೆಯಂಥ ಬಿಳಿ ರಸ್ತೆಗಳು. ಮಿಷಿಗನ್ನಿನ ಬಿಳಿ ರಸ್ತೆ ಬರೀ ಟ್ರೇಲರ್, ಪಿಕ್ಚರ್ ಅಲ್ಲಿದೆ ಎನ್ನುತ್ತಿದ್ದರು. ಸಕ್ಕರೆ ಕಾಯಿಲೆ ಕಾಲಿಗಿಳಿಯುವ ಮುಂಚೆ ಹೋಗಿಬಿಡಬೇಕು ಎಂದು ಒಂದು ಸೆಪ್ಟೆಂಬರಿನಲ್ಲಿ ಟಿಕೆಟ್ ಬುಕ್ ಮಾಡಿಯೇಬಿಟ್ಟರು, ನನ್ನದೂ ಸೇರಿಸಿ. ಆಂಟಿ, ಆ ಏರು ಹತ್ತೋದಕ್ಕೆ ನಾನು ಬರಲ್ಲಪ್ಪ ಎಂದು ಚಟ್ನಿಪುಡಿ ಕಟ್ಟಿಕೊಟ್ಟು, ಬೇರೆ ಊರಿನಲ್ಲಿದ್ದ ಮಗಳ ಮನೆಗೆ ಹೊರಟುಹೋದರು.

ಫ್ರಾನ್ಸಿನ ಬಗ್ಗೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬಾಡಿಗೆ ಸೈಕಲ್ ಹತ್ತಿ ಊರು ದಾಟಿದರೆ ಅಕ್ರೋಟ್ ತೋಪುಗಳು, ಸುಣ್ಣಕಲ್ಲಿನ ಗೋಡೆಗಳು, ಕಂದು ಹಸುಗಳು. ಒಂದು ಗಂಟೆಗೆ ಒಂದು ಟ್ರ್ಯಾಕ್ಟರ್ ಬಂದರೆ ಅದೇ ಟ್ರಾಫಿಕ್ಕು. ಮಧ್ಯಾಹ್ನ ಹನ್ನೆರಡಕ್ಕೆ ಗಂಟೆ ಹೊಡೆದೊಡನೆ ಅಂಗಡಿ ಬಾಗಿಲುಗಳೆಲ್ಲ ಮುಚ್ಚಿ ಇಡೀ ಊರು ಊಟಕ್ಕೆ ಕೂರುತ್ತದೆ. ನಾವು ಬಾವಿಕಟ್ಟೆಯ ಮೇಲೆ ಉದ್ದನೆಯ ಬ್ರೆಡ್ಡನ್ನು ಸೀಳಿ, ಬೆಣ್ಣೆ ಹಚ್ಚಿ, ಚಟ್ನಿಪುಡಿ ಉದುರಿಸಿ ತಿಂದೆವು. ಇಂಥ ಬ್ರೆಡ್ಡಿಗೆ ಇಷ್ಟು ವರ್ಷ ಯಾರೂ ಚಟ್ನಿಪುಡಿ ತಂದುಕೊಡಲಿಲ್ಲವಲ್ಲ ಎಂದು ಅಂಕಲ್ ಆ ದೇಶಕ್ಕಾಗಿ ಮರುಗಿದರು.

ಮೂರನೆಯ ದಿನ ಗುಡ್ಡದ ಮೇಲಿನ ಒಂದು ಹಳ್ಳಿಯಲ್ಲಿ ಪುಟ್ಟ ಚರ್ಚಿನ ಬಾಗಿಲು ತೆರೆದಿತ್ತು. ದೇವರ ಮನೆ ಎಂದ ಮೇಲೆ ಇನ್ನೇನು, ಇಬ್ಬರೂ ಸೈಕಲ್ಲುಗಳನ್ನು ಹಿಂಬದಿಯ ನೆರಳಿಗೆ ಒರಗಿಸಿ, ಮೆಟ್ಟಿಲ ಮೇಲೆ ಸೈಕಲ್ ಶೂ ಬಿಚ್ಚಿಟ್ಟು ಸಾಕ್ಸಿನಲ್ಲಿ ಒಳಗೆ ಹೋದೆವು. ತಂಪಾಗಿತ್ತು. ಕೈಮುಗಿದು ಸ್ವಲ್ಪ ಹೊತ್ತು ಕೂತು ಹೊರಗೆ ಬಂದರೆ ಮೆಟ್ಟಿಲು ಖಾಲಿ. ಅಂಕಲ್ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ದೇವಸ್ಥಾನದಲ್ಲಿ ಚಪ್ಪಲಿ ಕಳೆದರೆ ಶನಿ ಬಿಟ್ಟ ಹಾಗೆ ಎಂದು ನಮ್ಮ ಕಡೆ ನಂಬುತ್ತಾರಲ್ಲ, ಇಷ್ಟು ದೂರ ಬಂದು ಶನಿ ಬಿಡಿಸಿಕೊಂಡೆವಲ್ಲೋ ಎಂದು.

ಎದುರು ಮನೆಯ ಅಜ್ಜಿಯೊಬ್ಬರು ನಮ್ಮ ಸಾಕ್ಸುಗಳನ್ನು ನೋಡಿ ಬಾಯಿಗೆ ಕೈಯಿಟ್ಟುಕೊಂಡು ಓಡಿ ಬಂದರು. ಅವರು ಹೇಳಿದ್ದನ್ನು ನನ್ನ ಫೋನು ಅನುವಾದಿಸಿತು: ಶೂಗಳು ಬ್ರೆಡ್ಡಿನ ಜೊತೆ ಹೋಗಿವೆ. ನಿಧಾನಕ್ಕೆ ಅರ್ಥವಾಯಿತು. ಆಗಷ್ಟೇ ಬೇರೆ ಇಬ್ಬರು ಸೈಕಲ್ಲಿನವರು ಇಳಿಜಾರಿನಲ್ಲಿ ಹೋಗಿದ್ದರಂತೆ. ಶೂ ಬಿಚ್ಚಿ ಚರ್ಚಿಗೆ ಹೋಗುವವರು ಇರಬಹುದು ಎಂದು ಆಕೆಗೆ ಹೇಗೆ ತಾನೆ ಹೊಳೆಯಬೇಕು? ಅವರೇ ಮರೆತು ಹೋದರೆಂದುಕೊಂಡು, ದಾರಿಯಲ್ಲಿ ಸಿಕ್ಕರೆ ತಲುಪಿಸಲಿ ಎಂದು, ಮನೆಮನೆಗೆ ಬ್ರೆಡ್ಡು ಹಂಚುವ ವ್ಯಾನಿನವನ ಕೈಗೆ ಕೊಟ್ಟುಬಿಟ್ಟಿದ್ದರು. ವ್ಯಾನು ಐದಾರು ಮೈಲಿ ಕೆಳಗಿನ ಪೇಟೆಯ ಬೇಕರಿಯದು. ಹನ್ನೆರಡಕ್ಕೆ ಅದೂ ಬಾಗಿಲು ಹಾಕಿದರೆ ಮರುದಿನದವರೆಗೆ ತೆರೆಯುವುದಿಲ್ಲವಂತೆ. ಅಲ್ಲಿಗೆ ಇರುವುದು ಒಂದೇ ದಾರಿ, ಹಳದಿ ಗೆರೆಯದು.

ಅಜ್ಜಿ ತಮ್ಮ ಗಂಡನ ತೋಟದ ರಬ್ಬರ್ ಮೆಟ್ಟು ತಂದರು. ಅಂಕಲ್ ಕಾಲು ಅದರೊಳಗೆ ಹೋಗಲಿಲ್ಲ, ನನ್ನದು ಹೋಯಿತು. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ತುಳಿಯುವಂತೆಯೂ ಇಲ್ಲ.

"ನೀನೇ ಹೋಗ್ಬೇಕಲ್ಲಪ್ಪ."

"ಒಬ್ಬನೇನಾ ಅಂಕಲ್?"

ಆ ದಿನ ಮಂತ್ರ ಇರಲಿಲ್ಲ. ಅಂಕಲ್ ಬಗ್ಗಿ, ತಮ್ಮ ಹಳದಿ ಕ್ಲಿಪ್ಪು ಕಿತ್ತು ನನ್ನ ಪ್ಯಾಂಟಿಗೆ ಸಿಕ್ಕಿಸಿದರು.

ಹೊರಟೆ. ಮೊದಲ ಲಾರಿಯ ಸದ್ದು ಹಿಂದೆ ಕೇಳಿದಾಗ ಇಳಿದು ಹುಲ್ಲಿನಲ್ಲಿ ನಿಂತುಬಿಟ್ಟೆ. ಅದು ದೂರಕ್ಕೆ ಸರಿದು ಹೋಯಿತು. ಎರಡನೆಯದಕ್ಕೂ ಇಳಿದೆ. ಹೀಗೆ ಇಳಿದಿಳಿದು ಹೋದರೆ ಬೇಕರಿ ಸಿಕ್ಕ ಹಾಗೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಮೂರನೆಯದು ಬಂದಾಗ "ಗಾಡೀ..." ಎಂದು ನಾನೇ ರಾಗ ಎಳೆದೆ, ಎಡಗೈಯೆತ್ತಿ ನಮಸ್ಕಾರ ಹಾಕಿದೆ. ಲಾರಿ ನಿಧಾನವಾಯಿತು. ಡ್ರೈವರು ನನ್ನ ಮೆಟ್ಟು ನೋಡಿ ಹಾರ್ನ್ ಬಾರಿಸಿ, ತಾನೂ ಕೈಯೆತ್ತಿ ಹೋದ. ಆಮೇಲೆ ಎಷ್ಟು ಬಂದವೋ ಗಮನಿಸಲಿಲ್ಲ. ಬೇಕರಿಯವಳು ಬಾಗಿಲು ಎಳೆಯುತ್ತಿದ್ದಾಗ ತಲುಪಿದೆ. ಕೌಂಟರಿನ ಮೇಲೆ ನಾಲ್ಕು ಶೂ ಬ್ರೆಡ್ಡಿನ ಚೀಲವೊಂದರಲ್ಲಿ ಕೂತಿದ್ದವು. ಅಲ್ಲೇ ನಿಂತು ಅತ್ತುಬಿಟ್ಟೆ. ಶೂಗಳ ಮೇಲೆ ಇವನಿಗೆ ಎಂಥ ಪ್ರೀತಿ ಎಂದುಕೊಂಡಳೋ ಏನೋ, ಒಂದು ಬನ್ನು ಪುಕ್ಕಟೆ ಕೊಟ್ಟಳು.

ಏರು ಹತ್ತಿ ವಾಪಸ್ ಬಂದರೆ ಅಂಕಲ್ ಅಜ್ಜಿಯ ಅಡುಗೆಮನೆಯಲ್ಲಿ ಕೂತು ಆಲೂಬುಖಾರದ ಸಿಹಿ ತಿನ್ನುತ್ತಿದ್ದರು, ಸಕ್ಕರೆ ಕಾಯಿಲೆಯ ಪರಿವೆಯೇ ಇಲ್ಲದೆ. ಅಜ್ಜಿಯ ಜೊತೆ ನಡೆಯುತ್ತಿದ್ದದ್ದು ಶುದ್ಧ ಮೈಸೂರು ಕನ್ನಡದ ಸಂಭಾಷಣೆ. ನನ್ನನ್ನು ನೋಡಿ, ಬಂದ್ಯಾ ಎಂದರು, ಅಷ್ಟೇ. ಆದರೆ ಹೊರಟಾಗ ಹಿಂದೆ ನಿಲ್ಲಲಿಲ್ಲ. ಬಿಳಿ ರಸ್ತೆಗೆ ಇಳಿದ ಮೇಲೆ ನನ್ನ ಪಕ್ಕಕ್ಕೆ ಬಂದರು. ಅಷ್ಟು ದಿನದಲ್ಲಿ ಮೊದಲ ಸಲ ನಾವಿಬ್ಬರೂ ಪಕ್ಕಪಕ್ಕ ಮಾತಾಡಿಕೊಂಡು ಹೋದೆವು.

ಆ ಸಂಜೆ ಕೋಣೆಯಲ್ಲಿ ಚಟ್ನಿಪುಡಿಗಾಗಿ ಅವರ ಬ್ಯಾಗು ತಡಕಿದಾಗ ಡಬ್ಬಿಯ ಕೆಳಗೆ ಒಂದು ಜೊತೆ ಹವಾಯಿ ಚಪ್ಪಲಿ ಸಿಕ್ಕಿತು. ಬರಿಗಾಲಲ್ಲಿ ಇರಬಾರದೆಂದು ಆಂಟಿ ಇಟ್ಟದ್ದು. ಬೆಳಗಿನಿಂದ ಸೈಕಲ್ಲಿನ ಮೇಲೇ ಇದ್ದ ಬ್ಯಾಗು ಅದು. ಎತ್ತಿ ಹಿಡಿದು, ಇದೇನು ಅಂಕಲ್ ಎಂದೆ.

"ಇದೆ ಅಂದಿದ್ರೆ ನೀನು ಹೋಗ್ತಿದ್ಯಾ?" ಎಂದು ಅವರು ದೀಪ ಆರಿಸಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಹೋದ ಚಳಿಗಾಲ ಅಂಕಲ್ ತೀರಿಕೊಂಡರು. ಅವರೇ ಮಾಡಿದ ಬ್ರೇಕಿನ ಹಾಗೆ, ಸದ್ದಿಲ್ಲದೆ, ನಿದ್ದೆಯಲ್ಲಿ. ಹಿಮ ಕರಗುವವರೆಗೆ ನಾನು ಎದುರು ಮನೆಯ ಗರಾಜಿನ ಕಡೆ ನೋಡಲಿಲ್ಲ. ಮೇ ತಿಂಗಳ ಒಂದು ಶನಿವಾರ ಆ ಬಾಗಿಲು ತೆರೆಯಿತು. ಆಂಟಿ ಮೂರು ಚಕ್ರದ ಸೈಕಲ್ಲೊಂದನ್ನು ತರಿಸಿಕೊಂಡಿದ್ದರು. ಮನೆ ಬಿಟ್ಟು ಇವರು ಅಷ್ಟು ವರ್ಷ ಹೋಗುತ್ತಿದ್ದರಲ್ಲ, ಅಲ್ಲಿ ಏನು ಅಂಥಾದ್ದಿದೆ ಎಂದು ನೋಡಬೇಕಂತೆ. ಅವರ ಸಲ್ವಾರಿನ ಬಲಗಾಲಿಗೆ ಹಳದಿ ಕ್ಲಿಪ್ಪು ಇತ್ತು.

ಸೈಕಲ್ಲುಗಳನ್ನು ವ್ಯಾನಿನಲ್ಲಿ ಹೇರಿಕೊಂಡು ಜೋಳದ ಹೊಲದ ಬಿಳಿ ರಸ್ತೆಗೆ ಹೋದೆವು. ಆಂಟಿ ಸೀಟಿನ ಮೇಲೆ ಬಿಗಿಯಾಗಿ ಕೂತಿದ್ದರು. "ಹಿಂದೆ ನಾನಿದೀನಿ ಆಂಟಿ, ತುಳೀರಿ" ಎಂದೆ. ಅವರು ಸ್ವಲ್ಪ ದೂರ ತುಳಿದು ನಿಲ್ಲಿಸಿ, ಹಿಂತಿರುಗಿ ನೋಡಿದರು.

"ನೀನು ಹಿಂದೆ ಇದ್ರೆ ನಾನು ಯಾರ ಹತ್ರ ಮಾತಾಡ್ಲಿ? ಪಕ್ಕಕ್ಕೆ ಬಾ."

ಅವರ ಎಡಕ್ಕೆ, ಗಾಡಿ ಬರುವ ಕಡೆಗೆ, ಹೋದೆ. ಆಂಟಿ ಅಂಕಲ್ ಮೇಲಿನ ದೂರುಗಳನ್ನು ಒಂದೊಂದಾಗಿ ಹೇಳತೊಡಗಿದರು, ಬೇಲಿಯಾಚೆಯ ಕುದುರೆಗಳು ತಲೆಯೆತ್ತಿ ನೋಡಿದವು. ನಮ್ಮ ಹಿಂದೆ ಯಾರೂ ಇರಲಿಲ್ಲ. ತಿರುಗಿ ನೋಡಬೇಕೆಂದು ನನಗೆ ಅನ್ನಿಸಲೂ ಇಲ್ಲ.