ಸೊಟ್ಟ ರೊಟ್ಟಿ ನಂದೇ ಅಂದೆ

ಕೈತುಂಬ ಜೋಳದ ಹಿಟ್ಟು ಮೆತ್ತಿತ್ತು. ನಾನು ರೊಟ್ಟಿ ಬಡಿಯುತ್ತಿದ್ದ ಧಾರವಾಡದ ಖಾನಾವಳಿಯ ಹಿತ್ತಲ ಬಾಗಿಲಿಗೆ ಮಗಳ ಸಾಲೆಯಲ್ಲಿ ಕಲಿಸುವ ಅಕ್ಕೋರು ಬಂದು ನಿಂತಿದ್ದರು.

"ನೀಲವ್ವಾ, ನಿಮ್ಮ ಗಂಗಾ ಈ ತಿಂಗಳ ಅರ್ಧಾನೂ ಸಾಲಿಗೆ ಬಂದಿಲ್ಲ. ಹಿಂಗಾದ್ರ ಮುಲ್ಕಿ ಪರೀಕ್ಷೆಗೆ ಕೂಡಸಾಕ ಬರೂದಿಲ್ಲ ನೋಡ್ರಿ."

ಗಂಗಾ ಆಗ ಏಳನೇ ಇಯತ್ತೆ. ಮುಲ್ಕಿ ಪಾಸಾದರೆ ತಾನೂ ಒಂದು ದಿನ ಅಕ್ಕೋರಾಗಬಹುದು. ಹಳ್ಳಿಯಲ್ಲಿ ಮೂರನೇ ಇಯತ್ತೆಗೇ ಸಾಲೆ ಬಿಟ್ಟ ನನಗೆ ಅದಕ್ಕಿಂತ ದೊಡ್ಡ ಆಸೆ ಇರಲಿಲ್ಲ.

ತಪ್ಪು ಯಾರದೆಂದು ನಾನು ಆಗಲೇ ತೀರ್ಮಾನಿಸಿಬಿಟ್ಟೆ. ಇನ್ಯಾರದು, ನಮ್ಮ ಅತ್ತೆಯದೇ! ಬೈಗುಳಗಳನ್ನು ಮನಸ್ಸಿನಲ್ಲೇ ಸಾಲಾಗಿ ಜೋಡಿಸತೊಡಗಿದೆ...

ಅಷ್ಟರಲ್ಲಿ ಅಕ್ಕೋರು ಅಂದರು, "ಯಾಕವಾ ಅಂತ ಕೇಳಿದ್ರ, 'ನಮ್ಮವ್ವನ ಮನಸ್ಸಿಗೆ ಬರೂಹಂಗ ಎಲ್ಲಾ ಕೆಲಸ ಮುಗಸೂದರಾಗ ಸಾಲಿ ಗಂಟಿ ಹೊಡದಿರತೈತ್ರಿ' ಅಂತಾಳ."

ಜೋಡಿಸಿಟ್ಟ ಬೈಗುಳಗಳನ್ನು ಈಗ ಯಾರಿಗೆ ಬೈಯಲಿ?

ಎರಡನೇ ಮಹಾಯುದ್ಧದ ಕಾಲ ಅದು. ಹತ್ತಿಯ ಜಿನ್ನು ಗಿರಣಿಯಲ್ಲಿ ಕಾಲ ಮೇಲೆ ಹತ್ತಿ ತುಂಬಿದ ಅಂಡಿಗೆ ಬಿದ್ದು, ನನ್ನ ಗಂಡ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲೇ ಕುಳಿತಿದ್ದರು. ನಾನು ನಸುಕಿನಲ್ಲೇ ಖಾನಾವಳಿಗೆ ಹೊರಡುತ್ತಿದ್ದೆ. ಅತ್ತೆಗೆ ಬಗ್ಗಿ ಗುಡಿಸಲಾಗದು, ಒಲೆಯ ಹೊಗೆ ಆಗದು. ಮನೆಗೆಲಸವೆಲ್ಲ ಗಂಗಾಳ ತಲೆಯ ಮೇಲೆ.

ಸಂಜೆ ಬಂದು ನಾನೇನು ಮಾಡುತ್ತಿದ್ದೆ? ಅವಳು ಗುಡಿಸಿದ್ದನ್ನು ಮತ್ತೆ ಗುಡಿಸುತ್ತಿದ್ದೆ. ತಿಕ್ಕಿದ ಪಾತ್ರೆಯನ್ನು ಬೂದಿ ಹಾಕಿ ಮತ್ತೆ ತಿಕ್ಕುತ್ತಿದ್ದೆ. ಅವಳ ದಪ್ಪ ರೊಟ್ಟಿಯನ್ನು ಪಕ್ಕದ ಮನೆಯ ಎಮ್ಮೆಗೆ ಹಾಕಿ ಹೊಸದಾಗಿ ಬಡಿಯುತ್ತಿದ್ದೆ.

ಸಾಲಿನಲ್ಲಿ ನಿಂತು, ಅಳೆದು ಕೊಟ್ಟಷ್ಟೇ ತಂದ ಕಂಟ್ರೋಲ್ ಜೋಳ! ನನ್ನ ಅಚ್ಚುಕಟ್ಟುತನವನ್ನು ಮನಸಾರೆ ಮೆಚ್ಚಿದ್ದು ಆ ಎಮ್ಮೆ ಒಂದೇ.

ಸಂಜೆ ಮನೆಯಲ್ಲಿ ಸಂಗತಿ ಹೇಳಿದೆ. ಗಂಡ ಅಂದರು, "ನಂದು ಕಾಲ ಮುರದೈತಿ, ಕೈಯೇನ ಮುರದಿಲ್ಲಲಾ? ನಾಳಿಂದ ರೊಟ್ಟಿ ನಾ ಬಡೀತೇನಿ. ಹುಡುಗಿ ಸಾಲಿಗೆ ಹೋಗ್ಲಿ."

ಅತ್ತೆ ಎದೆ ಹಿಡಿದುಕೊಂಡರು. "ಎಪ್ಪಾ, ಗಂಡಸು ರೊಟ್ಟಿ ಬಡಿಯೂ ಸಪ್ಪಳ ಓಣ್ಯಾಗ ಕೇಳಿದ್ರ ನಾ ಮಾರಿ ಎಲ್ಲಿ ಇಟ್ಕೊಳ್ಳಿ?"

ಅವರ ಭಯ ಸುಳ್ಳಲ್ಲ. ಎರಡು ಮನೆಗೆ ಒಂದೇ ಗೋಡೆ. ಸಪ್ಪಳ ಕೇಳಿಯೇ ಯಾರ ಕೈ ಎಂದು ಹೇಳುವ ಹೆಂಗಸರು ನಮ್ಮ ಓಣಿಯಲ್ಲಿದ್ದರು.

ಉಪಾಯ ಹುಡುಕಿದವರೂ ಅತ್ತೆಯೇ. ಮಗ ಒಲೆಯ ಮುಂದೆ ಕುಳಿತ ಕೂಡಲೇ ಇವರು ಹೊರಗೆ ಒರಳಿನಲ್ಲಿ ಚಟ್ನಿ ಕುಟ್ಟಲು ಶುರು. ಒಂದು ದಿನ ಅಗಸಿ, ಒಂದು ದಿನ ಗುರೆಳ್ಳು, ಒಂದು ದಿನ ಶೇಂಗಾ.

ಪಕ್ಕದ ಮನೆಯವಳು ಕೇಳಿಯೇಬಿಟ್ಟಳು, "ಏನ ಆಯಿ, ದಿನಾ ಚಟ್ನಿ ಕುಟ್ಟಾಕತ್ತೀರಿ, ಮನ್ಯಾಗ ಲಗ್ನ ಹಿಡದೀರೇನ?"

ಇನ್ನು ಗಂಡನ ರೊಟ್ಟಿ... ನಡುವೆ ದಪ್ಪ, ಅಂಚು ಹರಕು, ಒಂದು ಕಡೆ ಹಸಿ, ಇನ್ನೊಂದು ಕಡೆ ಇದ್ದಿಲು. ಮೊದಲ ದಿನ ನನ್ನ ಕೈ ತಾನಾಗಿಯೇ ಹಿಟ್ಟಿನ ಡಬ್ಬಿಯತ್ತ ಹೋಯಿತು. ಗಂಗಾ ಪುಸ್ತಕದಿಂದ ತಲೆಯೆತ್ತಿ ನನ್ನನ್ನೇ ನೋಡಿದಳು.

ಕೈ ಹಿಂದಕ್ಕೆ ತೆಗೆದು ಆ ರೊಟ್ಟಿಯನ್ನೇ ಉಂಡೆ. ಪುಣ್ಯಕ್ಕೆ ಆಗ ಹಲ್ಲು ಗಟ್ಟಿಯಿದ್ದವು.

ಒಂದು ಅಮಾವಾಸ್ಯೆ, ಹೇಳದೆ ಕೇಳದೆ ಅಮ್ಮಿನಬಾವಿಯಿಂದ ನಾದಿನಿ ಬಂದಳು. ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿ, ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ಏನ ವೈನಿ, ಇದನ್ನ ಯಾರ ಬಡದಾರ?"

ಗಂಡ ತಮ್ಮ ಕಾಲನ್ನೇ ನೋಡುತ್ತಿದ್ದರು. ಅತ್ತೆ ಎದ್ದು ಒರಳಿನ ಕಡೆ ನಡೆದರು. ಗಂಡನ ಹೆಸರು ಹೇಳಿದರೆ ಆಟ ಮುಗಿಯಿತು, ಗಂಗಾ ಮತ್ತೆ ಒಲೆಯ ಮುಂದೆ. ಆದರೆ ಊರಲ್ಲಿ ನನಗಿದ್ದ ಹೆಸರೆಂದರೆ ರೊಟ್ಟಿಯದೊಂದೇ...

"ನಾನ ಬಡದೇನಿ," ಅಂದೆ. "ಯಾಕ, ನಿನ್ನ ಬಾಯಾಗ ಹಿಡಸೂದಿಲ್ಲೇನ?"

ಎರಡೇ ದಿನಕ್ಕೆ ನೀಲವ್ವನ ಕೈ ಹೋಯಿತೆಂದು ಸುದ್ದಿಯಾಯಿತು. ಖಾನಾವಳಿಯ ಮಾಲಕರು ಎಂಟು ದಿನ ನನ್ನ ಬೆನ್ನ ಹಿಂದೆ ನಿಂತು ಒಂದೊಂದೇ ರೊಟ್ಟಿ ನೋಡಿದರು. ಎಲ್ಲವೂ ದುಂಡಗೇ ಇದ್ದವು. ಪಾಪ, ಅವರಿಗೆ ನಿರಾಶೆಯೇ ಆಗಿರಬೇಕು.

ಪರೀಕ್ಷೆಯ ಬೆಳಿಗ್ಗೆ. ಆ ಒಂದು ದಿನ ತಡವಾಗಿ ಬರುತ್ತೇನೆಂದು ಖಾನಾವಳಿಯಲ್ಲಿ ಹೇಳಿ ಬಂದಿದ್ದೇನೆ. ಗಂಗಾ ಹೊಸ್ತಿಲ ಮೇಲೆ ನಿಂತಿದ್ದಾಳೆ. ಅವಳ ಅಪ್ಪನೇ ಹೆಣೆದ ಎರಡು ಜಡೆ, ಒಂದು ಕಿವಿಯ ಮೇಲೆ, ಇನ್ನೊಂದು ಕಿವಿಯ ಕೆಳಗೆ. ನನ್ನ ಬೆರಳು ತುರಿಸುತ್ತಿವೆ. ಬಿಚ್ಚಿ ಮತ್ತೆ ಹೆಣೆದರೆ ಹೊತ್ತಾಗುತ್ತದೆ.

"ಅವ್ವಾ, ಹೋಗಿ ಬರ್ಲ್ಯಾ?"

"ಹೋಗಿ ಬಾ. ಭಾಳ ಛಂದ ಕಾಣಸ್ತಿ," ಎಂದು ಹಸಿ ಸುಳ್ಳು ಹೇಳಿ, ಅವಳು ಓಣಿ ದಾಟುವವರೆಗೆ ಎರಡೂ ಕೈ ಸೆರಗಿನೊಳಗೆ ಹಿಡಿದುಕೊಂಡು ನಿಂತೆ.

ಪಾಸಾದಳು. ಜಡೆಗೆ ಯಾರೂ ಮಾರ್ಕ್ಸ್ ಹಾಕಲಿಲ್ಲ.

ಈಗ ನೀವು ಹೇಳಿ, ಇನ್ನೊಬ್ಬರು ಮಾಡಿದ್ದನ್ನು ಕೆಡವಿ ಮತ್ತೆ ಮಾಡುವ ಕೈ ನಿಮ್ಮ ಮನೆಯಲ್ಲಿ ಯಾರದು?